ನ್ಯಾನೋ ಅರೆವಾಹಕಗಳಲ್ಲಿ ಎಲೆಕ್ಟ್ರಾನ್: ಬೆಂಗಳೂರಿನ ಅಧ್ಯಯನದ ಚರಿತ್ರೆ

ಅರೆವಾಹಕದ ಅಳತೆ ಕೆಲವೇ ನ್ಯಾನೋಮೀಟರಿಗೆ ಇಳಿದಾಗ ಎಲೆಕ್ಟ್ರಾನಿನ ಅಲೆಯ ಗುಣ ಎದ್ದು ಕಾಣುತ್ತದೆ. ಇಕ್ಕಟ್ಟಿನಲ್ಲಿ ಸಿಕ್ಕ ಎಲೆಕ್ಟ್ರಾನಿಗೆ ನಿಗದಿತ ಶಕ್ತಿಮಟ್ಟಗಳಲ್ಲಷ್ಟೇ ನೆಲೆ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡಿನಲ್ಲಿ 10 ಮೈಕ್ರಾನಿನ ಲೆಕ್ಕ ಹಿಡಿಯುವುದೇ ನಾಜೂಕಿನ ಕೆಲಸ. ಎಲೆಕ್ಟ್ರಾನನ್ನು ಹೀಗೆ ಇಕ್ಕಟ್ಟಿನಲ್ಲಿ ಹಿಡಿದಿಡುವ 10 ನ್ಯಾನೋಮೀಟರಿನ ಅರೆವಾಹಕದ ಕಣ, ಅಂದರೆ ಕ್ವಾಂಟಂ ಚುಕ್ಕಿ, ಅದರ ಸಾವಿರದಲ್ಲೊಂದು ಪಾಲು.

ಎರಡು ಅರೆವಾಹಕಗಳ ತೆಳುಪದರಗಳನ್ನು ಒಂದರ ಮೇಲೊಂದು ಜೋಡಿಸಿ ಎಲೆಕ್ಟ್ರಾನಿನ ನಡೆಯನ್ನೇ ಬದಲಿಸಬಹುದೆಂದು ಲಿಯೋ ಎಸಾಕಿ, ರಾಫೆಲ್ ತ್ಸು 1970ರಲ್ಲಿ ಸೂಚಿಸಿದರು. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಜಿಂಗ್ ಕಾಂತಕ್ಷೇತ್ರದಲ್ಲಿ ತೆಳುಪದರದ ಎಲೆಕ್ಟ್ರಾನುಗಳ ರೋಧ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವ ಕ್ವಾಂಟಂ ಹಾಲ್ ಪರಿಣಾಮವನ್ನು ಕಂಡರು. ಮುಂದಿನ ಕೆಲವೇ ವರ್ಷಗಳಲ್ಲಿ ಅಲೆಕ್ಸಿ ಎಕಿಮೊವ್ ಗಾಜಿನಲ್ಲೂ ಲೂಯಿ ಬ್ರೂಸ್ ದ್ರಾವಣದಲ್ಲೂ ಕ್ವಾಂಟಂ ಚುಕ್ಕಿಗಳನ್ನು ಗುರುತಿಸಿದರು.

ಬೆಂಗಳೂರಿನ ನಂಟು ಬೇರೊಂದು ದಾರಿಯಿಂದ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಎಚ್. ಆರ್. ಕೃಷ್ಣಮೂರ್ತಿ, ಕಾರ್ನೆಲ್‌ನ ಜಾನ್ ವಿಲ್ಕಿನ್ಸ್ ಮತ್ತು ಕೆನೆತ್ ವಿಲ್ಸನ್ ಜೊತೆ 1980ರಲ್ಲಿ ಎರಡು ಪ್ರಬಂಧ ಪ್ರಕಟಿಸಿದರು. ಲೋಹದಲ್ಲಿ ಬೆರೆತ ಒಂದು ಕಾಂತೀಯ ಪರಮಾಣು ಸುತ್ತಲಿನ ಎಲೆಕ್ಟ್ರಾನುಗಳೊಡನೆ ಹೇಗೆ ವರ್ತಿಸುತ್ತದೆ ಎಂಬ ಆಂಡರ್ಸನ್ ಮಾದರಿಯ ಲೆಕ್ಕವದು. ಅರೆವಾಹಕದ ಮಾತು ಅಲ್ಲಿರಲಿಲ್ಲ. ಆದರೆ ಬೆಸಸಂಖ್ಯೆಯ ಎಲೆಕ್ಟ್ರಾನುಗಳಿರುವ ಕ್ವಾಂಟಂ ಚುಕ್ಕಿಯಲ್ಲಿ ಜೋಡಿಯಿಲ್ಲದ ಒಂದು ಸ್ಪಿನ್ ಉಳಿಯುತ್ತದೆ. ಅದೂ ಕಾಂತೀಯ ಪರಮಾಣುವಿನಂತೆಯೇ. ಸಾಮಾನ್ಯವಾಗಿ ಚುಕ್ಕಿಯೊಳಗಿನ ಎಲೆಕ್ಟ್ರಾನುಗಳು ಹೊಸದಾಗಿ ಬರುವುದನ್ನು ವಿಕರ್ಷಣೆಯಿಂದ ತಡೆಯುತ್ತವೆ. ಉಷ್ಣತೆ ತೀರಾ ಇಳಿದಾಗ ಈ ಒಂಟಿ ಸ್ಪಿನ್ನನ್ನು ಚುಕ್ಕಿಗೆ ಜೋಡಿಸಿದ ತಂತಿಗಳ ಎಲೆಕ್ಟ್ರಾನುಗಳು ಆವರಿಸಿಕೊಳ್ಳುತ್ತವೆ, ತಡೆ ಸಡಿಲಿ ವಿದ್ಯುತ್ ಹರಿಯುತ್ತದೆ. ಕೊಂಡೊ ಪರಿಣಾಮ ಎಂಬ ಈ ವರ್ತನೆಯನ್ನು ಡೇವಿಡ್ ಗೋಲ್ಡ್‌ಹೇಬರ್-ಗೋರ್ಡನ್ ಮತ್ತು ಸಂಗಡಿಗರು 1998ರಲ್ಲಿ ಇಂಥ ಚುಕ್ಕಿಯುಳ್ಳ ಏಕ-ಎಲೆಕ್ಟ್ರಾನ್ ಟ್ರಾನ್ಸಿಸ್ಟರಿನಲ್ಲಿ ತೋರಿಸಿದರು. ಇಂಥ ಪ್ರಯೋಗಗಳನ್ನು ಅರ್ಥೈಸಲು 1980ರ ಆ ಲೆಕ್ಕದ ವಿಧಾನವೇ ಒದಗಿತು. ಬೆಂಗಳೂರಿನ ನಂಟಿರುವ ಭೌತವಿಜ್ಞಾನದಲ್ಲಿ ಇಷ್ಟು ದೂರಕ್ಕೆ ಬೆಳಕು ಚೆಲ್ಲಿದ ಸೈದ್ಧಾಂತಿಕ ಕೆಲಸಗಳು ವಿರಳ. ಕನ್ನಡದಲ್ಲಿ ಇದರ ಬಗ್ಗೆ ಬರೆದದ್ದು ಸಾಲದು.

ಇದೇ ಊರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಕುಮಾರ್, ಪಿಯರ್ ಮೆಲ್ಲೊ ಜೊತೆ ಸೂಕ್ಷ್ಮ ವಾಹಕಗಳಲ್ಲಿ ಎಲೆಕ್ಟ್ರಾನಿನ ಸಾಗಣೆ ಕುರಿತು ಬರೆದ ಗ್ರಂಥ 2004ರಲ್ಲಿ ಹೊರಬಂತು.

ಪ್ರಯೋಗದ ಬಲ ಬಂದದ್ದು ತಡವಾಗಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ 2010ರಲ್ಲಿ ಸ್ಥಾಪನೆಯಾಯಿತು. 2013ರಲ್ಲಿ ಅದೇ ಸಂಸ್ಥೆಯ ಅರಿಂದಮ್ ಘೋಷ್ ತಂಡ ಗ್ರಾಫೀನ್ ಮತ್ತು ಮಾಲಿಬ್ಡಿನಂ ಡೈಸಲ್ಫೈಡ್ ಪದರಗಳನ್ನು ಕೂಡಿಸಿ, ಬಿದ್ದ ಬೆಳಕನ್ನು ನೆನಪಿಡುವ ಸಾಧನ ರೂಪಿಸಿತು. ಬೆಳಕು ಆರಿದ ಮೇಲೂ ವಾಹಕತೆಯ ಬದಲಾವಣೆ ಅದರಲ್ಲಿ ಉಳಿಯುತ್ತದೆ. ಪರಮಾಣುವಿನಷ್ಟು ತೆಳುವಾದ ಅರೆವಾಹಕಗಳ ಸಂಶೋಧನೆಗಾಗಿ ಘೋಷ್ ಅವರಿಗೆ 2020ರ ಇನ್ಫೋಸಿಸ್ ಪ್ರಶಸ್ತಿ ಸಂದಿತು.