ಹೆದೆಯಿಂದ ಸೈನ್‌ವರೆಗೆ

ಪೀಣ್ಯದ ಟೂಲ್‌ರೂಮುಗಳಲ್ಲಿ ಕೋನ ಅಳೆಯಲು ಸೈನ್ ಬಾರ್ ಬಳಸುತ್ತಾರೆ. ಅದೊಂದು ಉಕ್ಕಿನ ಪಟ್ಟಿ. ಎರಡು ತುದಿಯಲ್ಲೂ ಒಂದೇ ಗಾತ್ರದ ರೋಲರ್. ಅವುಗಳ ಕೇಂದ್ರಗಳ ನಡುವೆ ಕರಾರುವಾಕ್ಕಾಗಿ 100 ಅಥವಾ 200 ಮಿ.ಮೀ. ಅಂತರ. ಸರ್ಫೇಸ್ ಪ್ಲೇಟಿನ ಮೇಲಿಟ್ಟು, ಒಂದು ರೋಲರಿನಡಿ ಸ್ಲಿಪ್ ಗೇಜ್ ಜೋಡಿಸಿದರೆ ಪಟ್ಟಿ ಬೇಕಾದ ಕೋನಕ್ಕೆ ಓರೆಯಾಗುತ್ತದೆ. ರೋಲರ್ ಕೇಂದ್ರಗಳ ಅಂತರವನ್ನು ಕೋನದ ಸೈನ್‌ನಿಂದ ಗುಣಿಸಿದರೆ ಗೇಜಿನ ಎತ್ತರ ಸಿಗುತ್ತದೆ: 100 ಮಿ.ಮೀ. ಬಾರನ್ನು 30 ಡಿಗ್ರಿಗೆ ಎತ್ತಲು 50 ಮಿ.ಮೀ. ಇಂಗ್ಲಿಷಿನಿಂದ ನಮಗೆ ಬಂದ ಈ ‘ಸೈನ್’ ಪದದ ಬೇರು ಸಂಸ್ಕೃತದ ‘ಜ್ಯಾ’.

ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಕಂಸ ಬಿಲ್ಲಾದರೆ, ಅದರ ತುದಿಗಳನ್ನು ಕೂಡಿಸುವ ಗೆರೆ ಜ್ಯಾ, ನಡುವಿನ ಎತ್ತರ ಶರ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಬಿಲ್ಲಿನಾಕಾರದ ಕ್ಷೇತ್ರವನ್ನು ಅಳೆದದ್ದು ಹೀಗೆ ಹೆದೆ, ಬಾಣಗಳಿಂದಲೇ.

ಅದಕ್ಕೂ ಮೊದಲು, 499ರಲ್ಲಿ, ಆರ್ಯಭಟ ಇಡೀ ಹೆದೆಯನ್ನು ಬಿಟ್ಟು ಅದರ ಅರ್ಧವನ್ನು ಹಿಡಿದಿದ್ದ. ಈ ‘ಅರ್ಧಜ್ಯಾ’ವೇ ಇಂದಿನ ಸೈನ್. ಬಳಕೆಯಲ್ಲಿ ‘ಅರ್ಧ’ ಉದುರಿ, ಜ್ಯಾ ಅಥವಾ ಜೀವಾ ಉಳಿಯಿತು. ತ್ರಿಜ್ಯವನ್ನು 3438 ಎಂದಿಟ್ಟುಕೊಂಡ ಅವನ ಕೋಷ್ಟಕದಲ್ಲಿ ಮೂರೂಮುಕ್ಕಾಲು ಡಿಗ್ರಿಗೊಂದರಂತೆ 24 ಬೆಲೆಗಳು ಬರುತ್ತವೆ. ಮೊದಲನೆಯದು 225, ಎಂಟನೆಯದು, ಅಂದರೆ 30 ಡಿಗ್ರಿಯದು, 1719: ಸರಿಯಾಗಿ ಅರ್ಧ. ಆ ಮೊದಲ ಬೆಲೆಯನ್ನೇ ನಂಬಿ 100 ಮಿ.ಮೀ. ಸೈನ್ ಬಾರ್ ಎತ್ತಿದರೆ ತಪ್ಪುವುದು ಸುಮಾರು ನಾಲ್ಕು ಮೈಕ್ರಾನ್ ಮಾತ್ರ!

ಭಾರತದ ಜ್ಯೋತಿಷ ಗ್ರಂಥಗಳು ಅರಬ್ಬಿಗೆ ಹೋದಾಗ ಜೀವಾ ‘ಜೀಬಾ’ ಆಯಿತು. ಆ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥವಿರಲಿಲ್ಲ. ಸ್ವರಗಳನ್ನು ಬಿಟ್ಟು ಬರೆಯುವ ರೂಢಿಯಿಂದ, ಓದುವವರು ಅದನ್ನು ತಮಗೆ ಗೊತ್ತಿದ್ದ ‘ಜೈಬ್’ ಎಂದು ಓದಿದರು. ಎಂದರೆ ಎದೆಯ ಮೇಲಿನ ಉಡುಪಿನ ಮಡಿಕೆ. 12ನೇ ಶತಮಾನದಲ್ಲಿ ಲ್ಯಾಟಿನ್ ಅನುವಾದಕರು ಮಡಿಕೆಗೆ ‘ಸೈನಸ್’ ಎಂದರು. ಇಂಗ್ಲಿಷ್ ಅದನ್ನು ಸೈನ್ ಮಾಡಿತು. ಅದೇ ಅರಬ್ಬೀ ಜೈಬ್ ಪಾರಸಿ, ಹಿಂದೂಸ್ತಾನಿಗಳ ದಾರಿಯಲ್ಲಿ ಕನ್ನಡಕ್ಕೂ ಬಂದಿದೆ. ನಮ್ಮ ಅಂಗಿಯ ಜೇಬು ಅದೇ.

ಸೈನ್ ಊರೂರು ಸುತ್ತುತ್ತಿದ್ದಾಗ ಮೂಲಪದ ಕನ್ನಡ ಶಾಲೆಯಲ್ಲೇ ಉಳಿದಿತ್ತು. ವೃತ್ತದ ಪಾಠದಲ್ಲಿ ಮಕ್ಕಳು ಜ್ಯಾ ಎಳೆಯುತ್ತಾರೆ, ತ್ರಿಜ್ಯ ಅಳೆಯುತ್ತಾರೆ. ತ್ರಿಜ್ಯ ಎಂದರೆ ಮೂರು ರಾಶಿಯ ಜ್ಯಾ. ರಾಶಿಗೆ 30ರಂತೆ ಮೂರಕ್ಕೆ 90 ಡಿಗ್ರಿ. ಅಲ್ಲಿ ಅರ್ಧಜ್ಯಾ ವೃತ್ತದ ಅರೆವ್ಯಾಸಕ್ಕೆ ಸಮ. ಸೈನ್ 90 ಒಂದು ಎಂಬ ಪಾಠ ಹೆಸರಲ್ಲೇ ಅಡಗಿದೆ. ಆದರೆ ತ್ರಿಕೋನಮಿತಿಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ನಾವು ಆ ನಂಟನ್ನು ಕಡಿದು, ಬೆಲೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತೇವೆ.

ಬಾಯಿಪಾಠ ಬೇಕಿಲ್ಲ. 60 ಡಿಗ್ರಿಯ ಜ್ಯಾ ಎಳೆಯಿರಿ, ಎರಡು ತ್ರಿಜ್ಯಗಳ ಜೊತೆ ಅದು ಸಮಬಾಹು ತ್ರಿಭುಜವಾಗುತ್ತದೆ. ಹಾಗಾಗಿ ಜ್ಯಾ ತ್ರಿಜ್ಯದಷ್ಟೇ ಉದ್ದ; ಅರ್ಧ ಕೋನದ, ಅಂದರೆ 30 ಡಿಗ್ರಿಯ, ಅರ್ಧಜ್ಯಾ ಅದರರ್ಧ. ಸೈನ್ 30 ಏಕೆ ಅರ್ಧ ಎಂಬುದಕ್ಕೆ ಇಷ್ಟು ಸಾಕು. ಹತ್ತನೆಯ ತರಗತಿಯ ಗಣಿತದ ಮೇಷ್ಟ್ರು ಈ ಒಂದು ಚಿತ್ರವನ್ನು ‘ಅರ್ಧಜ್ಯಾ’ ಎಂಬ ಹೆಸರಿನೊಂದಿಗೆ ಹಲಗೆಯ ಮೇಲೆ ಬರೆಯಲಿ; ನಾಳೆ ಐಟಿಐ ಸೇರುವ ಮಗುವಿಗೆ ಸೂತ್ರದ ಜೊತೆ ಅದರ ಕಾರಣವೂ ಸಿಗುತ್ತದೆ.