ಒಂದು ಮಾತ್ರೆಯ ಹಿಂದಿನ ತಾಯಂದಿರು

ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ತಂದುಕೊಡುವ ಮಾತ್ರೆಯನ್ನು ನಮ್ಮ ಓಣಿಯ ಹೆಂಗಸರು ‘ಖೂನ್ ಕೀ ಗೋಲಿ’ ಎನ್ನುತ್ತಾರೆ. ಪಕ್ಕದ ಬೀದಿಯಲ್ಲಿ ಅದೇ ‘ರಕ್ತದ ಮಾತ್ರೆ’. ಅದರಲ್ಲಿರುವುದು ಎರಡು ವಸ್ತು: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ರಕ್ತಕ್ಕೆ ಕಬ್ಬಿಣ ಬೇಕೆಂಬುದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಎರಡನೆಯ ವಸ್ತುವಿನ ಚರಿತ್ರೆ ಬೇರೆ. ಅದರ ಸುಳಿವು ಸಿಕ್ಕಿದ್ದು ಮುಂಬಯಿಯ ಬಡ ಮುಸ್ಲಿಂ ಬಸುರಿಯರ ಕಾಯಿಲೆಯಿಂದ. ಈ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ?

1920ರ ದಶಕದಲ್ಲಿ ಮುಂಬಯಿಯ ಬಡ ಹೆಂಗಸರು, ಅದರಲ್ಲೂ ಬಟ್ಟೆ ಗಿರಣಿಗಳಲ್ಲಿ ದುಡಿಯುವವರು, ಬಸುರಿನ ಕೊನೆಯ ತಿಂಗಳುಗಳಲ್ಲಿ ಬಿಳಿಚಿಕೊಂಡು, ಏದುಸಿರು ಬಿಡುತ್ತ ಆಸ್ಪತ್ರೆಗೆ ಬರುತ್ತಿದ್ದರು. ಅವರ ರಕ್ತದಲ್ಲಿ ಕೆಂಪುಕಣಗಳು ಕಡಿಮೆ ಇರುತ್ತಿದ್ದವು. ಇದ್ದವೂ ಸರಿಯಾಗಿ ಬಲಿಯದೆ ಗಾತ್ರದಲ್ಲಿ ಊದಿಕೊಂಡಿರುತ್ತಿದ್ದವು. ಎಷ್ಟೋ ತಾಯಂದಿರು ಬದುಕುತ್ತಿರಲಿಲ್ಲ. ಹೆರಿಗೆಯಲ್ಲಿ ಸಾಯುವ ತಾಯಂದಿರ ಬಗ್ಗೆ ತನಿಖೆ ನಡೆಸುತ್ತಿದ್ದ ಡಾ. ಮಾರ್ಗರೆಟ್ ಬಾಲ್ಫೋರ್ ಇದರ ಕಾರಣ ಹುಡುಕಲು ಲಂಡನ್ನಿನಿಂದ ಒಬ್ಬ ವೈದ್ಯೆಯನ್ನು ಕರೆಸಿಕೊಂಡರು. ಆಕೆಯ ಹೆಸರು ಲೂಸಿ ವಿಲ್ಸ್.

ವಿಲ್ಸ್ ಹುಟ್ಟಿದ್ದು 1888ರಲ್ಲಿ. ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರ ಓದಿ, ನಂತರ ಹೆಂಗಸರಿಗಾಗಿಯೇ ಇದ್ದ ಲಂಡನ್ನಿನ ವೈದ್ಯಕೀಯ ಶಾಲೆಯಲ್ಲಿ ಕಲಿತು 1920ರಲ್ಲಿ ವೈದ್ಯೆಯಾದವರು. ಆ ಶಾಲೆ 1874ರಲ್ಲಿ ಹುಟ್ಟಿದ್ದೇ ಬೇರೆ ಕಡೆ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ್ದರಿಂದ. 1928ರಲ್ಲಿ ಆಕೆ ಮುಂಬಯಿಗೆ ಬಂದು ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸ ಶುರುಮಾಡಿದರು.

ಮೊದಲು ಆಕೆ ಸೋಂಕಿನ ಸಾಧ್ಯತೆಯನ್ನು ಪರೀಕ್ಷಿಸಿದರು. ಅದರಿಂದ ಉತ್ತರ ಸಿಗಲಿಲ್ಲ. ಆಮೇಲೆ ಬೇರೆ ಬೇರೆ ವರ್ಗದ ಹೆಂಗಸರು ದಿನವೂ ಏನು ಉಣ್ಣುತ್ತಾರೆ ಎಂದು ಬರೆದುಕೊಳ್ಳತೊಡಗಿದರು. ಆಗ ಒಂದು ವಿಷಯ ಸ್ಪಷ್ಟವಾಯಿತು. ಬಡ ಮುಸ್ಲಿಂ ಹೆಂಗಸರಲ್ಲಿ ಈ ಕಾಯಿಲೆ ಎಲ್ಲರಿಗಿಂತ ಹೆಚ್ಚಿತ್ತು. ಎಲ್ಲರಿಗಿಂತ ಕಳಪೆ ಊಟವೂ ಅವರದ್ದೇ ಆಗಿತ್ತು. ಹಣ್ಣು, ತರಕಾರಿ, ಮೈಗೆ ಬಲ ಕೊಡುವ ಪ್ರೋಟೀನು, ಯಾವುದೂ ಅವರ ತಟ್ಟೆಯಲ್ಲಿ ಸಾಕಷ್ಟಿರಲಿಲ್ಲ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಂಥ ಲೆಕ್ಕ ಕೈಗೆ ಸಿಕ್ಕಾಗ ‘ಆ ಜನರೇ ಹಾಗೆ’ ಎಂದು ಷರಾ ಬರೆದು ಕಡತ ಮುಚ್ಚುವುದು ಬಹಳ ಸುಲಭ. ಧರ್ಮ, ಪರದೆ, ಅಜ್ಞಾನ, ಏನನ್ನಾದರೂ ಕಾರಣವಾಗಿ ತೋರಿಸಬಹುದಿತ್ತು. ವಿಲ್ಸ್ ಹಾಗೆ ಮಾಡಲಿಲ್ಲ. ಧರ್ಮದ ಹೆಸರಿನ ಕೆಳಗಿದ್ದ ಬಡತನವನ್ನು, ಬಡತನದ ಕೆಳಗಿದ್ದ ತಟ್ಟೆಯನ್ನು ನೋಡಿದರು.

ಮುಂದಿನ ಪರೀಕ್ಷೆ ನೀಲಗಿರಿಯ ಕೂನೂರಿನಲ್ಲಿ. ಅಲ್ಲಿನ ಪ್ಯಾಶ್ಚರ್ ಸಂಸ್ಥೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಆಹಾರ ಸಂಶೋಧನೆಯ ಮುಖ್ಯಸ್ಥರಾಗಿದ್ದರು. 1929ರಲ್ಲಿ ಅಲ್ಲಿಗೆ ಹೋದ ವಿಲ್ಸ್, ಮುಂಬಯಿಯ ಆ ಹೆಂಗಸರ ಊಟವನ್ನೇ ಇಲಿಗಳಿಗೆ ಹಾಕಿದರು. ಇಲಿಗಳಿಗೆ ರಕ್ತಹೀನತೆ ಬಂತು. ಗಬ್ಬದ ಇಲಿಗಳು ಮರಿ ಹಾಕುವ ಮುಂಚೆಯೇ ಸತ್ತವು. ಆಹಾರದಲ್ಲಿ ಯೀಸ್ಟ್ ಸೇರಿಸಿದರೆ ಕಾಯಿಲೆ ಬರುತ್ತಿರಲಿಲ್ಲ. ಆದರೆ ಇಲಿಗಳ ಮೈಮೇಲಿನ ಹೇನಿನಿಂದ ಹರಡಿದ ಸೋಂಕು ಫಲಿತಾಂಶವನ್ನು ಕೆಡಿಸಿರಬಹುದೆಂದು ಆಮೇಲೆ ತಿಳಿಯಿತು. ಹಾಗಾಗಿ ಕೆಲಸವನ್ನು ಕೋತಿಗಳ ಮೇಲೆ ಮತ್ತೆ ಮಾಡಬೇಕಾಯಿತು. ಯೀಸ್ಟಿನ ಗುಣ ಅಲ್ಲಿಯೂ ಸುಳ್ಳಾಗಲಿಲ್ಲ.

ಈ ಕಾಯಿಲೆಗೆ ಯಕೃತ್ತಿನ ಸಾರವನ್ನು ಕೊಡುವ ಪದ್ಧತಿ ಆಗಲೇ ಇತ್ತು. ಆದರೆ ಅದು ದುಬಾರಿ. ಮುಂಬಯಿಗೆ ಮರಳಿದ ವಿಲ್ಸ್ ತನ್ನ ರೋಗಿಗಳಿಗೆ ಕೊಟ್ಟದ್ದು ಮಾರ್ಮೈಟ್ ಎಂಬ ಯೀಸ್ಟಿನ ಸಾರ. ನೋಡಲು ಕಪ್ಪು ಲೇಹ್ಯದಂತಿದ್ದು, ಇಂಗ್ಲಿಷರು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವ ಪದಾರ್ಥ. ಅದನ್ನು ಆರಿಸಿಕೊಳ್ಳಲು ಒಂದು ಕಾರಣ, ಯೀಸ್ಟಿನ ಸಾರಗಳಲ್ಲಿ ಅದೇ ಅಗ್ಗವಾಗಿತ್ತು. ಹೆಂಗಸರು ಚೇತರಿಸಿಕೊಂಡರು. 1931ರ ಜೂನ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಆಕೆಯ ಲೇಖನವನ್ನು ಪ್ರಕಟಿಸಿತು.

ಅದೇ ವರ್ಷ ಆಕೆ ಮದರಾಸಿನ ‘ಕಾಸ್ಟ್ ಅಂಡ್ ಗೋಷಾ’ ಆಸ್ಪತ್ರೆಯಲ್ಲಿಯೂ ಕೆಲಸ ಮಾಡಿದರು. ಇಂದಿನ ಕಸ್ತೂರ್ಬಾ ಗಾಂಧಿ ಆಸ್ಪತ್ರೆ ಅದು. ಜಾತಿ, ಗೋಷಾ, ಎರಡೂ ಆಸ್ಪತ್ರೆಯ ಹೆಸರಿನಲ್ಲಿಯೇ ಇದ್ದ ಕಾಲ. ರಕ್ತಕ್ಕೆ ಮಾತ್ರ ಇವೆರಡೂ ಗೊತ್ತಿರಲಿಲ್ಲ.

ಯೀಸ್ಟಿನಲ್ಲಿದ್ದ ಆ ವಸ್ತು ಯಾವುದೆಂದು ಇನ್ನೂ ತಿಳಿದಿರಲಿಲ್ಲವಾದ್ದರಿಂದ ಅದಕ್ಕೆ ‘ವಿಲ್ಸ್ ಅಂಶ’ ಎಂಬ ಹೆಸರು ಬಿತ್ತು. 1941ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿದರು. ಎಲೆಗೆ ಲ್ಯಾಟಿನ್ನಿನಲ್ಲಿ ‘ಫೋಲಿಯಂ’ ಎನ್ನುವುದರಿಂದ ಅದು ಫೋಲಿಕ್ ಆಮ್ಲವಾಯಿತು. 1945ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಗರ್ಭ ಧರಿಸುವ ಮುಂಚಿನಿಂದಲೇ ಇದನ್ನು ಸೇವಿಸಿದರೆ ಶಿಶುವಿನ ಬೆನ್ನುಹುರಿಯ ಹುಟ್ಟುದೋಷಗಳನ್ನು ಬಹುಪಾಲು ತಡೆಯಬಹುದೆಂದು 1991ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ಇಂದು ಹಲವು ದೇಶಗಳಲ್ಲಿ ಹಿಟ್ಟಿಗೇ ಇದನ್ನು ಬೆರೆಸುತ್ತಾರೆ.

ವಿಲ್ಸ್ 1964ರಲ್ಲಿ ತೀರಿಕೊಂಡರು. ಆಕೆಯ ಹೆಸರಾದರೂ ವೈದ್ಯಕೀಯ ಚರಿತ್ರೆಯಲ್ಲಿ ಉಳಿಯಿತು. ರಕ್ತ ಕೊಟ್ಟ, ತಮ್ಮ ಊಟದ ಬಡತನವನ್ನು ಪರದೇಶದ ಹೆಂಗಸಿನೆದುರು ಬಿಚ್ಚಿಟ್ಟ ಆ ತಾಯಂದಿರ ಹೆಸರು ಯಾರ ನೆನಪಿನಲ್ಲೂ ಇಲ್ಲ. ಜಗತ್ತಿನ ಲಕ್ಷಾಂತರ ಮಕ್ಕಳು ನೆಟ್ಟಗೆ ನಿಂತು ನಡೆಯುವುದರಲ್ಲಿ ಅವರ ಪಾಲೂ ಇದೆ.

ಆದರೆ ಅವರಿಂದ ಕಲಿತ ಪಾಠವನ್ನು ನಾವು ಅವರ ಮೊಮ್ಮಕ್ಕಳಿಗೆ ತಲುಪಿಸಿದ್ದೇವೆಯೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು, ಕರ್ನಾಟಕದಲ್ಲಿ ಶೇ. 46ರಷ್ಟು ಜನ ರಕ್ತಹೀನರು. ಗರ್ಭಿಣಿಯರಿಗೆ ಮಾತ್ರೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ರಕ್ತಹೀನತೆಗೆ ಕಾರಣಗಳು ಹಲವು ಎಂಬುದು ನಿಜ. ಮಾತ್ರೆಯೂ ಬೇಕು, ನುಂಗಲೂ ಬೇಕು. ಆದರೆ ಮಾತ್ರೆ ಕೊಟ್ಟ ಮೇಲೆ ತಟ್ಟೆಯ ಕಡೆ ನೋಡುವ ಅಗತ್ಯವಿಲ್ಲವೆಂದು ಸರಕಾರವೂ ಮನೆಯವರೂ ಭಾವಿಸಿದಂತಿದೆ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ದಸ್ತರ್‌ಖಾನ್ ಹಾಸಿದರೆ ಮೊದಲು ಅಬ್ಬಾ, ಮನೆಗೆ ಬಂದ ನೆಂಟರು, ಆಮೇಲೆ ನಾವು ಮಕ್ಕಳು. ಅಮ್ಮಿ ಕೊನೆಗೆ. ಅಷ್ಟರಲ್ಲಿ ಪಾತ್ರೆಯ ತಳದಲ್ಲಿ ಸಾರು ಉಳಿದಿರುತ್ತಿತ್ತು, ಸೊಪ್ಪು, ಬೇಳೆ, ಮಾಂಸದ ತುಂಡು ಉಳಿದಿರುತ್ತಿರಲಿಲ್ಲ. ಅವಳು ಬಸುರಿಯಾಗಿದ್ದಾಗಲೂ ಈ ಕ್ರಮ ಬದಲಾಗಲಿಲ್ಲ. ಇದು ಮುಸಲ್ಮಾನರ ಮನೆಯ ಮಾತಷ್ಟೇ ಅಲ್ಲವೆಂದು ನನ್ನ ಹಿಂದೂ ಗೆಳೆಯರೂ ಹೇಳುತ್ತಾರೆ. ಸಮುದಾಯದ ಬಗ್ಗೆ ಯಾರಾದರೂ ಅಂಕಿಅಂಶ ಹೇಳಿದಾಗ ನಾವು ಬೇಗ ನೊಂದುಕೊಳ್ಳುತ್ತೇವೆ, ಇಲ್ಲವೆ ತಕದೀರ್ ಎಂದು ಸುಮ್ಮನಾಗುತ್ತೇವೆ. ಎರಡರಿಂದಲೂ ತಾಯಿಯ ತಟ್ಟೆ ತುಂಬುವುದಿಲ್ಲ.

ಸುಮಾರು ನೂರು ವರ್ಷಗಳ ಹಿಂದೆ ಒಬ್ಬ ವೈದ್ಯೆ ಮುಂಬಯಿಯ ಹೆಂಗಸರನ್ನು ಕೇಳಿದ ಪ್ರಶ್ನೆ ಬಹಳ ಸರಳವಾದದ್ದು: ದಿನವೂ ಏನು ಉಣ್ಣುತ್ತೀರಿ? ಇಂದು ರಾತ್ರಿ ಊಟಕ್ಕೆ ಕೂರುವ ಮುಂಚೆ ನಮ್ಮ ನಮ್ಮ ಮನೆಗಳಲ್ಲಿ ಅದನ್ನು ಒಮ್ಮೆ ಕೇಳಿ ನೋಡೋಣ.