ಕೊಳೆಗೆ ಮದ್ದು, ಕೊಳೆಯಿಂದ ಮದ್ದು

ಆಷಾಢದ ಜಡಿಮಳೆಯಲ್ಲಿ ‘ಕೊಳೆ ಬಂತು’ ಎಂಬ ಮಾತು ಕೇಳಿದರೆ ನಮ್ಮ ಬಿಳಗಿ ಸೀಮೆಯ ಅಡಿಕೆ ಮನೆಗಳಲ್ಲಿ ಊಟ ರುಚಿಸುವುದಿಲ್ಲ. ಮರದ ಬುಡದ ತುಂಬ ಎಳೆಯ ಕಾಯಿ ಉದುರಿ, ಮೈಮೇಲೆ ಬಿಳಿ ಬೂಷ್ಟು ಹೊದ್ದುಕೊಂಡು ಬಿದ್ದಿರುತ್ತದೆ. ಅದೇ ಕೊಳೆ ಗೊಬ್ಬರ ಗುಂಡಿಯಲ್ಲಿ ಆದರೆ ಮನೆಯವರಿಗೆಲ್ಲ ನೆಮ್ಮದಿ. ಬೂಷ್ಟಿನ ಜೊತೆಗೆ ನಮಗಿರುವ ಈ ಹಳೆಯ ನಂಟಿನ ಬಗ್ಗೆ ನಾನು ಯೋಚಿಸತೊಡಗಿದ್ದು, ದನಗಳಿಲ್ಲದೆ ಖಾಲಿಯಾದ ನಮ್ಮ ಕೊಟ್ಟಿಗೆಯಲ್ಲಿ ಚಿಪ್ಪು ಅಣಬೆ ಬೆಳೆಯಲು ಕೂತ ಮೇಲೆ.

ಹವ್ಯಕರ ಮನೆಯಲ್ಲಿ ಹುಟ್ಟಿದವಳು ನಾನು. ಚಿಕ್ಕವಳಿದ್ದಾಗ ನೆಟ್ಟಿಗೆ ಬರುತ್ತಿದ್ದ ಹೆಂಗಸರು ಸಂಜೆ ವಾಪಸಾಗುವಾಗ ಬಾಳೆಲೆಯಲ್ಲಿ ಹುತ್ತದಣಬೆ ಕಟ್ಟಿಕೊಂಡು ಹೋಗುತ್ತಿದ್ದರು. ಒಂದು ದಿನ ಆಸೆಪಟ್ಟು ನಾನೂ ಒಂದನ್ನು ಕೈಯಲ್ಲಿ ಹಿಡಿದು ಜಗಲಿ ಹತ್ತಿದೆ. ಆಯಿ ಅಲ್ಲಿಂದಲೇ ಕೂಗಿದಳು: “ಅದನ್ನ ಒಳಗೆ ತರಡ ಕೂಸೆ!” ಆ ನಿಷೇಧ ಆಯಿಯದಲ್ಲ, ಬಹಳ ಹಳೆಯದು. ಮನುಸ್ಮೃತಿಯ ಐದನೆಯ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿಗಳ ಸಾಲಿನಲ್ಲೇ ಅಣಬೆಯನ್ನೂ ದ್ವಿಜರಿಗೆ ಅಭಕ್ಷ್ಯವೆಂದು ಇರಿಸಿದೆ. ಬಿಳಗಿಯ ಅರಸರು ರತ್ನತ್ರಯ ಬಸದಿ ಕಟ್ಟಿದ ಜೈನರು. ಜೈನರಿಗೂ ಅಣಬೆ ವರ್ಜ್ಯ. ಹೀಗಾಗಿ ಅರಮನೆಯೂ ಅಗ್ರಹಾರವೂ ಮುಟ್ಟದ ಈ ವಿದ್ಯೆ ಗದ್ದೆ ಕೆಲಸದ ಹೆಂಗಸರ ಬಳಿಯೇ ಉಳಿಯಿತು. ಯಾವುದು ಸಾರಿಗೆ ಆದೀತು, ಯಾವುದು ವಿಷ ಎಂಬುದು ಅವರಿಗೆ ನೋಡಿದ ಕೂಡಲೇ ತಿಳಿಯುತ್ತಿತ್ತು. ನಮ್ಮ ಊರಿನ ಚರಿತ್ರೆ ಬರೆದವರು ಶಾಸನಗಳನ್ನು ಓದಿದರು, ಆ ಹೆಂಗಸರನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲವೆಂಬ ನೋವು ನನಗಿದೆ.

ನಮ್ಮ ಹಿರಿಯರಿಗೆ ಬೇಕಿದ್ದದ್ದು ಕೊಳೆಯನ್ನು ತಡೆಯುವ ವಿದ್ಯೆ. ಮಳೆಗಾಲಕ್ಕೆ ಮುಂಚೆ ಕರಡದಿಂದ ಕೊಟ್ಟೆ ಹೆಣೆದು, ಮರ ಹತ್ತಿ, ಕೊನೆಕೊನೆಗೂ ಕಟ್ಟುತ್ತಿದ್ದರು. ನಮ್ಮ ಬಿಳಗಿ ಇರುವ ಸಿದ್ದಾಪುರ ಸೀಮೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಪಕ್ಕದ ಸಾಗರ ಮೈಸೂರಿನದು. ಆ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ತೋಟಕ್ಕೆ ಬಂದದ್ದು ಹಾಗೆ. ಇವತ್ತಿಗೂ ನಾವು ಅದನ್ನು ‘ಮದ್ದು’ ಎಂದೇ ಕರೆಯುತ್ತೇವೆ.

ಬೂಷ್ಟನ್ನು ಕೊಲ್ಲದೆ ಸಾಕುವ ವಿದ್ಯೆ ತಡವಾಗಿ ಬಂತು. ಚಿಪ್ಪು ಅಣಬೆಯನ್ನು 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಜರ್ಮನಿಯ ರಿಚರ್ಡ್ ಫಾಲ್ಕ್ ಮರದ ಬೊಡ್ಡೆಗಳ ಮೇಲೆ ಬೆಳೆಸಿದ್ದರು. ನಮಗೆ ಹತ್ತಿರದ ಕಥೆ ಮೈಸೂರಿನದು. ಚೆಲುವಾಂಬಾ ಅರಮನೆಯಲ್ಲಿ 1950ರಲ್ಲಿ ತೆರೆದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಜಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು ಬತ್ತದ ಹುಲ್ಲಿನ ಮೇಲೆ ಈ ಅಣಬೆ ಬೆಳೆಸುವ ಕ್ರಮವನ್ನು 1962ರಲ್ಲಿ ಪ್ರಕಟಿಸಿದರು. ಬೊಡ್ಡೆ ಬೇಡ, ಕಾಡು ಬೇಡ, ಹುಲ್ಲು ಸಾಕು! ಈ ದೇಶದ ಬಡ ರೈತನಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ನನಗೆ ಪ್ರತಿ ಚೀಲ ಕಟ್ಟುವಾಗಲೂ ಅನ್ನಿಸುತ್ತದೆ. ಮುಂದೆ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ, ಅಡಿಕೆ ಹಾಳೆ ಮತ್ತು ಕಾಯಿ ಬಿಡಿಸಿದ ಕೊನೆಯ ಮೇಲೂ ಇದು ಬೆಳೆಯುತ್ತದೆಂದು ತೋರಿಸಿತು.

ಬೇಸಿಗೆಯಲ್ಲಿ ಬಿದ್ದ ಹಾಳೆಯನ್ನು ಕತ್ತಿಯಿಂದ ಎರಡು ಬೆರಳಗಲಕ್ಕೆ ಕೊಚ್ಚಿ, ಬತ್ತದ ಹುಲ್ಲಿನ ಜೊತೆ ರಾತ್ರಿಯಿಡೀ ನೆನೆಹಾಕುತ್ತೇನೆ. ಮದ್ದು ಹೊಡೆದ ಕಾಯಿಯ ಸಿಪ್ಪೆಯನ್ನು ಸೇರಿಸುವುದಿಲ್ಲ. ಬೂಷ್ಟನ್ನು ಕೊಲ್ಲಲೆಂದೇ ಹೊಡೆದ ತಾಮ್ರ ಅದು. ಬೆಳಿಗ್ಗೆ ಅಡಿಕೆ ಬೇಯಿಸುವ ಹಂಡೆಯಲ್ಲೇ ಕುದಿಸಿ, ನೀರು ಬಸಿಯಲು ಬಿಡುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು. ಮೊದಲ ವರ್ಷ ಈ ಹದ ತಿಳಿಯದೆ ಇಪ್ಪತ್ತು ಚೀಲಕ್ಕೂ ಹಸಿರು ಬೂಷ್ಟು ಹಿಡಿದು, ಎಲ್ಲವನ್ನೂ ಗುಂಡಿಗೆ ಸುರಿದೆ. ಹದ ಸಿಕ್ಕರೆ, ಜೋಳದ ಕಾಳಿನ ಮೇಲೆ ಬೆಳೆಸಿದ ಬೀಜ ಇಪ್ಪತ್ತು ದಿನದೊಳಗೆ ಚೀಲವನ್ನೆಲ್ಲ ಹತ್ತಿಯಂತೆ ಬೆಳ್ಳಗಾಗಿಸುತ್ತದೆ. ಆಮೇಲೆ ಚೀಲದ ತೂತುಗಳಲ್ಲಿ ಸಾಸಿವೆ ಗಾತ್ರದ ಮೊಳಕೆ. ಮೂರ್ನಾಲ್ಕು ದಿನಕ್ಕೆ ಅಂಗೈಯಗಲ. ಅಂಚು ಸುರುಳುವ ಮೊದಲೇ ಕೊಯ್ಯಬೇಕು. ತಡವಾದರೆ ಬಿಳಿ ಪುಡಿ ಹಾರಿ ಕೆಮ್ಮು ಹಿಡಿಯುತ್ತದೆ.

ಇನ್ನು ಔಷಧದ ಮಾತು. 1973ರಲ್ಲಿ ಜಪಾನಿನ ಅಕಿರಾ ಎಂಡೊ ಪೆನಿಸಿಲಿಯಂ ಜಾತಿಯ ಬೂಷ್ಟಿನಲ್ಲಿ ಕೊಲೆಸ್ಟರಾಲ್ ಇಳಿಸುವ ವಸ್ತುವನ್ನು ಕಂಡುಹಿಡಿದರು. ಅದೇ ಬಗೆಯ ಔಷಧವಾದ ಲೋವಾಸ್ಟಾಟಿನ್ 1987ರಲ್ಲಿ ಅಮೆರಿಕದಲ್ಲಿ ಮಾತ್ರೆಯಾಗಿ ಬಂತು. ಬೆಂಗಳೂರಿನ ಬಯೋಕಾನ್ 2001ರಲ್ಲಿ ಅದನ್ನು ತಯಾರಿಸಲು ಅಮೆರಿಕದ ಅನುಮತಿ ಪಡೆಯಿತು. ಅದೇ ಲೋವಾಸ್ಟಾಟಿನ್ ಚಿಪ್ಪು ಅಣಬೆಯಲ್ಲೂ ಇದೆಯೆಂದು 1990ರ ದಶಕದಲ್ಲಿ ಯುರೋಪಿನ ವಿಜ್ಞಾನಿಗಳು ವರದಿ ಮಾಡಿದರು. ಆಯಿ ಜಗಲಿ ಹತ್ತಿಸದ ಅಣಬೆಯ ಒಳಗೆ ಇದಿತ್ತು ಎಂದು ಓದಿದ ದಿನ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಆದರೆ ಮಾತ್ರೆಯಲ್ಲಿ ಮದ್ದು ಅಳತೆಯಲ್ಲಿರುತ್ತದೆ. ಅಣಬೆಯಲ್ಲಿ ಅದು ತಳಿಯ ಮೇಲೆ, ಹುಲ್ಲಿನ ಮೇಲೆ, ಕೊಯ್ದ ದಿನದ ಮೇಲೆ ಏರಿಳಿಯುತ್ತದೆ. ಒಣ ಅಣಬೆ ಕೊಳ್ಳಲು ಬಂದ ವ್ಯಾಪಾರಿಯೊಬ್ಬರು ಪೊಟ್ಟಣದ ಮೇಲೆ ‘ಹೃದಯಕ್ಕೆ ಔಷಧ’ ಎಂದು ಅಚ್ಚು ಹಾಕಿಸಿದರೆ ಎರಡು ಪಟ್ಟು ದರ ಕೊಡುವುದಾಗಿ ಹೇಳಿದರು. ನಾನು ಒಪ್ಪಲಿಲ್ಲ. ನನ್ನ ಕೈಲಿ ಖಚಿತವಾಗಿ ಆಗುವುದು ಇಷ್ಟು: ಕೊಯ್ದ ಅಣಬೆಯನ್ನು ಗೆರೆಗೆರೆಯ ಮೈ ಮೇಲಾಗಿಸಿ ಅಂಗಳದ ಬಿಸಿಲಿಗೆ ಹರವಿದರೆ ಅದರಲ್ಲಿ ಡಿ ಜೀವಸತ್ವ ಹೆಚ್ಚುತ್ತದೆ. ಹಾಗೆ ಹರವಿಯೇ ಮಾರುತ್ತೇನೆ.

ಖಾಲಿಯಾದ ಚೀಲದ ಹುಲ್ಲು ಗೊಬ್ಬರ ಗುಂಡಿಗೆ ಹೋಗಿ, ಅಲ್ಲಿಂದ ಅಡಿಕೆ ಬುಡ ಸೇರುತ್ತದೆ. ನಿಮ್ಮ ಮನೆಯಲ್ಲೂ ಬಿದ್ದ ಹಾಳೆಗೆ ಬೆಂಕಿ ಹಚ್ಚುವ ಮೊದಲು ಒಂದೆರಡು ಚೀಲ ಕಟ್ಟಿ ನೋಡಿ. ಬೆಳೆದದ್ದನ್ನು ಊಟಕ್ಕೆಂದು ತಿನ್ನಿ. ಅದನ್ನು ನೆಚ್ಚಿಕೊಂಡು ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಬಿಡಬೇಡಿ.